ಮಗಳಿಗೆ ಟೈಪ್ 1 ಡಯಾಬಿಟಿಸ್. ಯಾರಿಗೂ ಹೇಳಬೇಡ ಅಂತಿದ್ದಾರೆ ಮನೆಯಲ್ಲಿ

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರ ಕಡೆ, ಈಗ ಇರುವುದು ಡೊಂಬಿವಲಿ ಪೂರ್ವದಲ್ಲಿ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ದೀಪಾವಳಿ ರಜೆಯಲ್ಲಿ ಅವಳಿಗೆ ಟೈಪ್ 1 ಅಂತ ಗೊತ್ತಾಯಿತು. ಅದಕ್ಕೆ ಮುಂಚೆ ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ಎಂದೋ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ಯೂನಿಫಾರ್ಮು ಸಡಿಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಯೂರಿನ್ ಇನ್‌ಫೆಕ್ಷನ್ ಅಂತ ಔಷಧಿ ಕೊಟ್ಟರು. ಆಮೇಲೆ ವಾಂತಿ, ಹೊಟ್ಟೆನೋವು, ಏದುಸಿರು. ಐಸಿಯುಗೆ ಸೇರಿಸಿದಾಗ ಸಕ್ಕರೆ 500 ದಾಟಿತ್ತು, ಕೀಟೋನ್ (ಇನ್ಸುಲಿನ್ ಇಲ್ಲದೆ ದೇಹ ಕೊಬ್ಬು ಕರಗಿಸುವಾಗ ರಕ್ತದಲ್ಲಿ ಸೇರುವ ಆಮ್ಲ) ಏರಿತ್ತು. ದೇವರ ದಯೆ, ಮಗು ಎದ್ದು ಬಂತು.

ಈಗ ದಿನಕ್ಕೆ ನಾಲ್ಕು ಇನ್ಸುಲಿನ್ ಸೂಜಿ. ಮೂರು ಊಟಕ್ಕೆ ಮುಂಚೆ, ಒಂದು ರಾತ್ರಿಗೆ. ಬೆರಳು ಚುಚ್ಚಿ ನೋಡುವುದು ಬೇರೆ. ಅದೆಲ್ಲ ಕಲಿತಾಯಿತು. ನನ್ನ ತಲೆನೋವು ಬೇರೆಯೇ ಉಂಟು.

ಅತ್ತೆ ನಮ್ಮ ಜೊತೆಯೇ ಇದ್ದಾರೆ. "ಹೆಣ್ಣು ಮಗು, ನಾಳೆ ಮದುವೆ ಮಾಡ್ಬೇಕಾದ್ದು, ಯಾರ ಕಿವಿಗೂ ಬೀಳ್ಬಾರ್ದು" ಅಂತ ಅವರ ಹಟ. ಗಂಡ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಬಿಲ್ಡಿಂಗಿನಲ್ಲಿ ಕೇಳಿದವರಿಗೆಲ್ಲ ಡೆಂಗ್ಯೂ ಆಗಿತ್ತು ಅಂತ ಹೇಳಿಯಾಗಿದೆ. ಶಾಲೆಯಲ್ಲಿ ಹೇಳದೆ ವಿಧಿಯಿಲ್ಲ ಅಂತ ಕ್ಲಾಸ್ ಟೀಚರಿಗೆ ಮಾತ್ರ ಹೇಳಿದೆ. ಅದು ಪ್ರಿನ್ಸಿಪಾಲರಿಗೆ ಹೋಯಿತು. "ಮಧ್ಯಾಹ್ನ ನೀವೇ ಬಂದು ಇಂಜೆಕ್ಷನ್ ಕೊಡಿ, ಇಲ್ಲ ಅಂದ್ರೆ ಏನಾದ್ರೂ ಆದರೆ ಶಾಲೆ ಹೊಣೆಯಲ್ಲ ಅಂತ ಬರೆದುಕೊಡಿ" ಅಂದರು. ನಾನು ಮುಂಬೈಯ ಫೋರ್ಟಿನಲ್ಲಿ ಬ್ಯಾಂಕ್ ಕೆಲಸದವಳು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೂ ಒಂದು ಗಂಟೆಯ ದಾರಿ. ಮಧ್ಯಾಹ್ನ ಹೇಗೆ ಬರಲಿ?

ಇನ್ನೊಂದು. ಕೆಲವು ವಾರದಿಂದ ಇನ್ಸುಲಿನ್ ಪ್ರಮಾಣ ಇಳಿಯುತ್ತಾ ಬಂದಿದೆ, ಡಾಕ್ಟರೇ ಕಡಿಮೆ ಮಾಡಿಸಿದ್ದಾರೆ. ಇದು ತಾನು ಕೊಡುವ ಕಷಾಯದಿಂದ ಅಂತ ಅತ್ತೆ ಹೇಳುತ್ತಾರೆ. ಏಪ್ರಿಲಿನಲ್ಲಿ ಊರಲ್ಲಿ ದೈವದ ಕೋಲ ಉಂಟು, ಕುಟುಂಬದವರೆಲ್ಲ ಸೇರುತ್ತಾರೆ. ಅಷ್ಟರೊಳಗೆ ಸೂಜಿ ನಿಲ್ಲಿಸಬಹುದು ಅಂತ ಅವರ ಲೆಕ್ಕ.

ಹೇಳುವುದಾದರೆ ಯಾರಿಗೆ, ಎಷ್ಟು ಹೇಳೋದು? ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಭಾಯಂದರ್ ಅಪ್ಪ

ತಂಗಿ, ನನ್ನ ಮಗಳು ಈಗ ಹನ್ನೊಂದನೇ ಕ್ಲಾಸು. ಅವಳಿಗೂ ನಿಮ್ಮ ಮಗಳ ವಯಸ್ಸಲ್ಲೇ ಬಂದದ್ದು.

ಮದುವೆ, ಕುಟುಂಬ, ಮಾನ ಎಲ್ಲ ಪಕ್ಕಕ್ಕಿಡಿ. ಒಂದೇ ವಿಷಯ ನೋಡಿ. ಸಕ್ಕರೆ 70ರ ಕೆಳಗೆ ಇಳಿಯಿತು ಅಂದ್ರೆ ಮಗುವಿಗೆ ತನಗೇ ಗೊತ್ತಾಗದೆ ಇರಬಹುದು. ಬೆವರು, ಕೈ ನಡುಕ, ಮುಖ ಬಿಳಿಚುವುದು, ಸುಮ್ಮಸುಮ್ಮನೆ ಅಳು, ಸಿಟ್ಟು, ತೂಕಡಿಕೆ. ಇದನ್ನು ಹೊರಗಿನವರೇ ಮೊದಲು ನೋಡುವುದು. ಗೊತ್ತಿಲ್ಲದ ಟೀಚರ್ "ಸೊಕ್ಕು" ಅಂತ ಬೈದು ಮೂಲೆಯಲ್ಲಿ ನಿಲ್ಲಿಸ್ತಾರೆ. ಗೊತ್ತಿದ್ದ ಟೀಚರ್ ಸಕ್ಕರೆ ಬಾಯಿಗೆ ಹಾಕ್ತಾರೆ. ಎರಡಕ್ಕೂ ಇರುವ ಅಂತರ ಅಷ್ಟೇ, ನೀವು ಹೇಳಿದ್ರಾ ಇಲ್ವಾ ಅಂತ.

ನಾವು ಯಾರ್ಯಾರಿಗೆ ಹೇಳಿದ್ದೆವು ಅಂದರೆ ಕ್ಲಾಸ್ ಟೀಚರ್, ಪಿ.ಟಿ. ಸರ್, ಶಾಲೆಯ ಆಯಾ, ವ್ಯಾನಿನ ಡ್ರೈವರ್, ಅವಳ ಬೆಂಚಿನ ಗೆಳತಿ, ಬಿಲ್ಡಿಂಗಿನ ವಾಚ್‌ಮನ್, ಎದುರು ಮನೆಯ ಗುಜರಾತಿ ಆಂಟಿ. ಪಿ.ಟಿ. ಸರ್ ಬಹಳ ಮುಖ್ಯ. ಓಡಿ ಆಡಿದ ಮೇಲೆ ಸಕ್ಕರೆ ಇಳಿಯುತ್ತೆ, ಕೆಲವು ಸಲ ಗಂಟೆಗಳು ಕಳೆದ ಮೇಲೆ, ರಾತ್ರಿ ನಿದ್ದೆಯಲ್ಲೂ ಇಳಿಯುತ್ತೆ. ಸ್ಪೋರ್ಟ್ಸ್ ಡೇ ದಿನ, ನವರಾತ್ರಿಯ ಗರ್ಬಾ ಆಡಿದ ದಿನ ನಾವು ಅಲಾರಂ ಇಟ್ಟುಕೊಂಡು ರಾತ್ರಿ ಎದ್ದು ನೋಡ್ತಿದ್ದೆವು, ಈಗಲೂ ನೋಡ್ತೇವೆ.

ಒಂದು ಸಲ ವ್ಯಾನಲ್ಲಿ ಇವಳು ಕಿಟಕಿಗೆ ತಲೆ ಒರಗಿಸಿ ಮಾತೇ ಆಡದೆ ಕೂತಿದ್ದಳಂತೆ. ಡ್ರೈವರ್ ಯೂಪಿಯ ಹುಡುಗ, ಓದಿದ್ದು ಅಷ್ಟಕ್ಕಷ್ಟೇ. ಕನ್ನಡಿಯಲ್ಲಿ ನೋಡಿದವನೇ ಗಾಡಿ ಬದಿಗೆ ಹಾಕಿ ಅವಳ ಬ್ಯಾಗಿನಿಂದ ಗ್ಲೂಕೋಸ್ ತೆಗೆದು ತಿನ್ನಿಸಿ ನನಗೆ ಫೋನ್ ಮಾಡಿದ. ಅವನಿಗೆ ಡೆಂಗ್ಯೂ ಅಂತ ಹೇಳಿದ್ದಿದ್ರೆ?

ಒಂದು ಹಾಳೆಯಲ್ಲಿ ಬರೆದುಕೊಡಿ. ಮಗುವಿನ ಫೋಟೊ, ಲಕ್ಷಣಗಳು, ಏನು ಕೊಡಬೇಕು, ಎಷ್ಟು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು. ಶಾಲೆಗೆ ಇಂಗ್ಲಿಷಲ್ಲಿ, ಆಯಾ ಮತ್ತು ಡ್ರೈವರಿಗೆ ಮರಾಠಿ ಅಥವಾ ಹಿಂದಿಯಲ್ಲಿ. ದೊಡ್ಡ ಅಕ್ಷರ.

ಪರೇಲ್ ಸಿಸ್ಟರ್

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್, ಊರು ಮಂಗಳೂರು. ಮೊದಲು ಕಷಾಯದ ವಿಷಯ ಮಾತಾಡುವ, ಯಾಕೆಂದ್ರೆ ನನಗೆ ಹೆದರಿಕೆ ಆಗುವುದು ಅದೇ.

ಪ್ರಮಾಣ ಇಳಿದದ್ದು ಕಷಾಯದಿಂದ ಅಲ್ಲ ಮಾರಾಯ್ರೆ. ಇದಕ್ಕೆ ಡಾಕ್ಟ್ರುಗಳು ಹನಿಮೂನ್ ಅಂತ ಹೇಳ್ತಾರೆ. ಟೈಪ್ 1 ಅಂದ್ರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಲ್ಲುವುದು. ಗೊತ್ತಾಗುವ ಹೊತ್ತಿಗೆ ಹೆಚ್ಚಿನವು ಸತ್ತಿರುತ್ತವೆ, ಸ್ವಲ್ಪ ಉಳಿದಿರುತ್ತವೆ. ಹೊರಗಿನಿಂದ ಇನ್ಸುಲಿನ್ ಸಿಕ್ಕಿದಾಗ ಆ ಉಳಿದವುಗಳಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿ ಮತ್ತೆ ಕೆಲಸ ಶುರು ಮಾಡ್ತವೆ. ಆಗ ಸೂಜಿಯ ಪ್ರಮಾಣ ಇಳಿಯುತ್ತದೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಅಪರೂಪಕ್ಕೆ ವರ್ಷದ ಮೇಲೂ. ಆಮೇಲೆ ಅವೂ ಹೋಗ್ತವೆ, ಪ್ರಮಾಣ ಮತ್ತೆ ಏರುತ್ತದೆ. ನಾಟಿ ಮದ್ದಿನವರ ಹೆಸರು ಬೆಳೆಯುವುದೇ ಈ ತಿಂಗಳುಗಳಲ್ಲಿ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿ ಹೋಯ್ತು.

ಇದನ್ನು ನಂಬಿ ಪೂರ್ತಿ ಸೂಜಿ ನಿಲ್ಲಿಸಿದ ಮಕ್ಕಳನ್ನು ನಮ್ಮ ವಾರ್ಡಿಗೆ ಎತ್ತಿಕೊಂಡು ಬರ್ತಾರೆ. ಆಳವಾಗಿ ಉಸಿರು ಎಳೀತಾ, ಬಾಯಿಯಿಂದ ಹಣ್ಣು ಕೊಳೆತ ಹಾಗೆ ವಾಸನೆ. ಎಲ್ಲರೂ ಉಳಿಯುವುದಿಲ್ಲ. ಹಾಗಾಗಿ ಜ್ವರ ಇರಲಿ, ವಾಂತಿ ಇರಲಿ, ಮಗು ಏನೂ ತಿನ್ನದೆ ಇರಲಿ, ರಾತ್ರಿಯ ಸೂಜಿ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಪ್ರಮಾಣ ಡಾಕ್ಟ್ರನ್ನು ಕೇಳಿ ಬದಲಿಸಿ. ವಾಂತಿ ಬಂದು ಸಕ್ಕರೆ 250ರ ಮೇಲಿದ್ದರೆ ಕೀಟೋನ್ ನೋಡಿ. ಮೂತ್ರದಲ್ಲಿ ನೋಡುವ ಪಟ್ಟಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಮನೆಯಲ್ಲಿ ಒಂದು ಡಬ್ಬಿ ಇರಲಿ.

ಭಾಯಂದರ್ ಅಣ್ಣ ಹೇಳಿದ ಹಾಳೆಗೆ ಒಂದು ಸೇರಿಸ್ತೇನೆ. ಎಲ್ಲ ಕಡೆ "15 ಗ್ರಾಂ ಸಕ್ಕರೆ ಕೊಡಿ, 15 ನಿಮಿಷ ಕಾಯಿರಿ" ಅಂತ ಬರೆದಿರುತ್ತದೆ. ಅದು ದೊಡ್ಡವರ ಲೆಕ್ಕ. ಮಕ್ಕಳಿಗೆ ಕಿಲೋ ತೂಕಕ್ಕೆ ಸುಮಾರು 0.3 ಗ್ರಾಂ. 20 ಕಿಲೋದ ಮಗುವಿಗೆ 6 ಗ್ರಾಂ, ಅಂದ್ರೆ ಚಾ ಚಮಚದಲ್ಲಿ ಒಂದೂವರೆಯಷ್ಟು. ನಿಮ್ಮ ಡಾಕ್ಟ್ರಿಂದ ಒಮ್ಮೆ ಖಾತ್ರಿ ಮಾಡಿಕೊಂಡು ಅದೇ ಸಂಖ್ಯೆ ಬರೆಯಿರಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನಕ್ಕೆ ಏರುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ. ಅದಕ್ಕೆ ಸಕ್ಕರೆ ಏರಿಸುವ ಗ್ಲೂಕಗಾನ್ ಅಂತ ಸೂಜಿ ಉಂಟು, ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಡಾಕ್ಟ್ರ ಹತ್ತಿರ ಈಗಲೇ ಮಾತಾಡಿ ಇಟ್ಟುಕೊಳ್ಳಿ.

ಪಿಂಪ್ರಿ ವಿಜಾಪುರದವ

ನಮಸ್ಕಾರ್ರೀ ಅಕ್ಕಾರ. ಎಲ್ಲಾರೂ ಹೇಳ್ರಿ ಹೇಳ್ರಿ ಅನ್ನಾಕತ್ತಾರ. ನಾ ಸ್ವಲ್ಪ ಬ್ಯಾರೆ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ನಿಮ್ಮ ಅತ್ತಿಯವ್ರ ಹೆದರಿಕಿ ಸುಳ್ಳಲ್ರೀ. ನಮ್ಮ ಅಣ್ಣನ ಮಗಳಿಗೆ ಇದ ಐತಿ. ಹುಡುಗಿ ಇಂಜಿನಿಯರ್, ಪುಣೆದಾಗ ಛಲೋ ನೌಕರಿ. ಇಂಡಿ ಕಡೆ ಒಂದ ಸಂಬಂಧ ಬಂದಿತ್ತು, ಎಲ್ಲಾ ಹೊಂದಿತ್ತು, ಊಟನೂ ಆಗಿತ್ತು. ಯಾರೋ ಓಣಿಯವ್ರು ಹೋಗಿ ಕಿವಿ ಊದಿದ್ರು, ಮುರದ ಹೋತು. ಆಕಿ ಅವ್ವ ಇನ್ನೂ ಆ ಸುದ್ದಿ ತಗದ್ರ ಅಳ್ತಾಳ. ನಮ್ಮ ಮಂದಿಗೆ ಟೈಪ್ ಒಂದು, ಟೈಪ್ ಎರಡು ಅಂತ ತಿಳಿಯಂಗಿಲ್ಲ. "ಸಕ್ಕರಿ ಬ್ಯಾನಿ, ಮಕ್ಕಳಾಗಂಗಿಲ್ಲ" ಅಂತಾರ, ಮುಗೀತು.

ಅದಕ್ಕ ಸಾಲಿಗೆ ಹೇಳ್ರಿ, ಗಾಡಿಯವ್ಗ ಹೇಳ್ರಿ, ಮುಂಬೈದಾಗ ಬಾಜೂ ಮನಿಯವ್ರಿಗೆ ಹೇಳ್ರಿ. ಇವ್ರ್ಯಾರೂ ನಿಮ್ಮ ಬೀಗರಾಗಂಗಿಲ್ಲ. ಊರಾಗ ಮಾತ್ರ ಯಾಕ ಡಂಗುರ ಹೊಡಿಬೇಕು? ಜೀವಕ್ಕ ಬೇಕಾದಷ್ಟು ಮಂದಿಗೆ ಹೇಳಿದ್ರ ಸಾಕು.

ಥಾಣೆ ಟೈಪ್ ವನ್

ಪಿಂಪ್ರಿ ಅಣ್ಣನವರೇ, ಗೌರವದಿಂದಲೇ ಹೇಳ್ತೀನಿ, ನಾನು ನಿಮ್ಮ ಅಣ್ಣನ ಮಗಳ ಜಾಗದಲ್ಲಿ ಇದ್ದವಳು. ನನಗೆ ಒಂಬತ್ತನೇ ವಯಸ್ಸಲ್ಲಿ ಬಂತು, ಈಗ ಇಪ್ಪತ್ತೊಂಬತ್ತು. ನಮ್ಮ ಮನೆಯಲ್ಲೂ ಮುಚ್ಚಿಟ್ಟರು. ಮುಚ್ಚಿಟ್ಟರೆ ಏನಾಗುತ್ತೆ ಅಂತ ದೊಡ್ಡವರಿಗೆ ಗೊತ್ತಾಗಲ್ಲ, ಏಕೆಂದರೆ ಮುಚ್ಚಿಡುವ ಕೆಲಸ ಮಾಡಬೇಕಾದ್ದು ಮಗು.

ಮದುವೆ ಮುಂಜಿಗಳಲ್ಲಿ ನಾನು ಸೂಜಿ ಹಾಕಿಕೊಳ್ಳುತ್ತಿದ್ದದ್ದು ಟಾಯ್ಲೆಟ್ಟಿನಲ್ಲಿ. ಹೊರಗೆ ಚಿಕ್ಕಮ್ಮಂದಿರು ಬಾಗಿಲು ಬಡಿಯೋರು. ಕೈ ನಡುಗೋದು. ಎಲೆ ಮುಂದೆ ಕೂತಾಗ ಪಾಯಸ ಬೇಡ ಅನ್ನೋ ಹಾಗಿಲ್ಲ, ಯಾಕೆ ಅಂತ ಕೇಳ್ತಾರೆ. ಸರಿ, ತಿನ್ನು. ತಿಂದದ್ದಕ್ಕೆ ಸೂಜಿ ಹಾಕೋಕೆ ಮತ್ತೆ ಎದ್ದು ಹೋಗುವ ಹಾಗಿಲ್ಲ. ಹತ್ತನೇ ಕ್ಲಾಸಿನ ಹೊತ್ತಿಗೆ ಗೆಳತಿಯರ ಎದುರು ಸೂಜಿ ತಪ್ಪಿಸುವುದು ಸಹಜ ಆಗಿಹೋಗಿತ್ತು. ನನ್ನ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 11ರ ಮೇಲೆ ಹೋಗಿತ್ತು. ಡಾಕ್ಟರ್ ಹೇಳಿದ್ದ ಗುರಿ 7ರ ಆಸುಪಾಸು. ವರ್ಷಗಟ್ಟಲೆ ಹಾಗೇ ನಡೆದರೆ ಕಣ್ಣು, ಕಿಡ್ನಿ, ನರ ಹಾಳಾಗುತ್ತೆ. ಮದುವೆ ಮಾರ್ಕೆಟ್ಟಿಗಾಗಿ ಕಿಡ್ನಿ ಪಣಕ್ಕಿಡೋದು ಯಾವ ಲೆಕ್ಕ ಹೇಳಿ.

ನಿಮ್ಮ ಅಣ್ಣನ ಮಗಳ ಸಂಬಂಧ ಕಾಯಿಲೆಯಿಂದ ಮುರಿದಿರಬಹುದು, ಆದರೆ ಮೂರನೆಯವರ ಬಾಯಿಂದ ಗೊತ್ತಾಯ್ತಲ್ಲ, ಅದಕ್ಕೇ ಮುರಿದಿರೋ ಸಾಧ್ಯತೆ ಜಾಸ್ತಿ. ನಾನು ಹುಡುಗನನ್ನು ಮೊದಲ ಸಲ ಮಾಟುಂಗಾದ ಹೋಟೆಲಿನಲ್ಲಿ ಭೇಟಿಯಾದಾಗ ದೋಸೆ ಬರುವ ಮುಂಚೆ ಟೇಬಲ್ಲಿನಲ್ಲೇ ಇನ್ಸುಲಿನ್ ಪೆನ್ ತೆಗೆದು ಹೊಟ್ಟೆಗೆ ಚುಚ್ಚಿಕೊಂಡೆ. ಅವನು ಒಂದು ನಿಮಿಷ ಸುಮ್ಮನಿದ್ದು, "ನೋವಾಗಲ್ವಾ?" ಅಂದ. ಅವನನ್ನೇ ಮದುವೆಯಾದೆ. ಅದಕ್ಕಿಂತ ಮುಂಚೆ ಬಂದ ಇಬ್ಬರು ಎದ್ದುಹೋಗಿದ್ದರು, ಹೋಗಲಿ. ಮಕ್ಕಳಾಗಲ್ಲ ಅನ್ನೋದು ಶುದ್ಧ ಸುಳ್ಳು. ಗರ್ಭಿಣಿಯಾಗುವ ಮುಂಚಿನಿಂದಲೇ ಸಕ್ಕರೆ ಹಿಡಿತದಲ್ಲಿರಬೇಕು, ಹೆಚ್ಚು ಸಲ ಡಾಕ್ಟರಲ್ಲಿ ಹೋಗಬೇಕು, ಅಷ್ಟೇ.

ಅಂದಹಾಗೆ ವಸೀಂ ಅಕ್ರಂಗೆ 1997ರಲ್ಲಿ ಇದು ಗೊತ್ತಾಗಿದ್ದು, ಪಾಕಿಸ್ತಾನ ತಂಡದಲ್ಲಿ ಆಡ್ತಿದ್ದಾಗಲೇ. ಆಮೇಲೂ ವರ್ಷಗಟ್ಟಲೆ ಇನ್ಸುಲಿನ್ ತಗೊಂಡೇ ಬೌಲಿಂಗ್ ಮಾಡಿದ, 2003ರ ವಿಶ್ವಕಪ್ ಕೂಡ ಆಡಿದ. ನಿಮ್ಮ ಯಜಮಾನರು ಕ್ರಿಕೆಟ್ ನೋಡುವವರಾದರೆ ಇದನ್ನು ಹೇಳಿ ನೋಡಿ. ಗಂಡಸರಿಗೆ ಕೆಲವು ಸಲ ಹಾಗೆ ಹೇಳಿದರೇ ತಲೆಗೆ ಹೋಗೋದು.

ಆರೋಗ್ಯ ಮಿತ್ರ

ಇನ್ಸುಲಿನ್ ಒಂದು ವ್ಯಸನ. ಒಮ್ಮೆ ಶುರು ಮಾಡಿದರೆ ಕಂಪನಿಗಳು ಜೀವನಪೂರ್ತಿ ಬಿಡುವುದಿಲ್ಲ. ಅಮೃತಬಳ್ಳಿ, ಹಾಗಲಕಾಯಿ, ಮಧುನಾಶಿನಿ ಸೇರಿದ ನಮ್ಮ ಚೂರ್ಣದಿಂದ 90 ದಿನದಲ್ಲಿ ಮಕ್ಕಳ ಸಕ್ಕರೆ ಕಾಯಿಲೆ ಬುಡಸಮೇತ ಗುಣ. ಸಂಪರ್ಕಿಸಿ.

ನಿರ್ವಾಹಕರು

ಮೇಲಿನವರ ಫೋನ್ ನಂಬರ್ ತೆಗೆದಿದ್ದೇವೆ. ಬರಹವನ್ನು ಬೇಕೆಂದೇ ಉಳಿಸಿದ್ದೇವೆ. ಕೆಳಗಿನ ಉತ್ತರವನ್ನೂ ಜನ ಓದಲಿ.

ಪರೇಲ್ ಸಿಸ್ಟರ್

90 ದಿನ ಅಂತ ಯಾಕೆ ಹೇಳ್ತಾರೆ ಗೊತ್ತುಂಟಾ? ಹನಿಮೂನ್ ಹೆಚ್ಚಾಗಿ ಆ ಹೊತ್ತಿಗೆ ಸಿಗುತ್ತದೆ. ಅದು ಮುಗಿಯುವ ಹೊತ್ತಿಗೆ ದುಡ್ಡು ಕೈ ದಾಟಿರುತ್ತದೆ.

ವ್ಯಸನ ಅಂದ್ರಲ್ಲ, ಊಟವೂ ವ್ಯಸನವೇ ಹಾಗಾದ್ರೆ. ನಿಮ್ಮ ದೇಹ ಈಗ ಈ ನಿಮಿಷ ಇನ್ಸುಲಿನ್ ಮಾಡ್ತಾ ಉಂಟು. ಈ ಮಕ್ಕಳದ್ದು ಮಾಡುವುದಿಲ್ಲ, ಹಾಗಾಗಿ ಹೊರಗಿನಿಂದ. 1922ರ ಜನವರಿವರೆಗೆ ಈ ಕಾಯಿಲೆ ಬಂದ ಮಕ್ಕಳಿಗೆ ಡಾಕ್ಟ್ರುಗಳು ಕೊಡುತ್ತಿದ್ದದ್ದು ಉಪವಾಸ ಮಾತ್ರ. ಹೊಟ್ಟೆಗಿಲ್ಲದೆ ಎಲುಬಿನ ಗೂಡಾಗಿ ಕೆಲವು ತಿಂಗಳು ಹೆಚ್ಚು ಬದುಕುತ್ತಿದ್ದರು, ಅಷ್ಟೇ. ಆ ತಿಂಗಳು ಟೊರಾಂಟೊದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಮೊದಲ ಸೂಜಿ ಸರಿಯಾಗಿ ಕೆಲಸ ಮಾಡಲಿಲ್ಲ, ಮದ್ದು ಶುದ್ಧ ಇರಲಿಲ್ಲ. ಹನ್ನೆರಡು ದಿನ ಬಿಟ್ಟು ಶುದ್ಧ ಮಾಡಿ ಕೊಟ್ಟಾಗ ಹುಡುಗ ಎದ್ದು ಕೂತ. ಹಾಗಲಕಾಯಿ ಆಗಲೂ ಲೋಕದಲ್ಲಿತ್ತು.

ಮಕ್ಕಳು ಹಾಗಲಕಾಯಿ ಪಲ್ಯ ತಿನ್ನಲಿ, ಬೇಡ ಅಂತ ಯಾರು ಹೇಳಿದ್ರು? ಸೂಜಿಯ ಬದಲಿಗೆ ಅಂದ್ರೆ ಮಾತ್ರ ನನ್ನ ಜಗಳ.

ಕಲ್ಯಾಣ್ ಕಾಕಾ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಅಂಗವೈಕಲ್ಯ ಕಾರ್ಡು, ಯುಡಿಐಡಿ, ಮಾಡಿಸಿದರೆ ಶಾಲೆಯವರು ತಲೆ ಬಾಗಲೇಬೇಕಲ್ಲ? ಇನ್ಕಮ್ ಟ್ಯಾಕ್ಸಿನಲ್ಲೂ ರಿಯಾಯಿತಿ ಇದೆ. ನನ್ನ ಮೊಮ್ಮಗನಿಗೆ ಥಲಸ್ಸೇಮಿಯ ಅಂತ ರಕ್ತದ ಕಾಯಿಲೆ, ಅವನಿಗೆ ಮಾಡಿಸಿದ್ದೇವೆ.

ಮಡಗಾಂವ್ ಮೇಷ್ಟ್ರು

ಕಾಕಾ, ಥಲಸ್ಸೇಮಿಯಕ್ಕೆ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಥಲಸ್ಸೇಮಿಯ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಆ ಪಟ್ಟಿಯಲ್ಲಿವೆ, ಟೈಪ್ 1 ಇಲ್ಲ. ಇರಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಕಾರ್ಡಿನ ಆಸೆಗೆ ಈ ತಾಯಿ ಕಚೇರಿ ಅಲೆಯುವುದು ಬೇಡ.

ನಾನು ಗೋವಾದಲ್ಲಿ ಶಾಲಾ ಶಿಕ್ಷಕ, ಮೂಲ ಅಂಕೋಲಾ. ಆ ಪ್ರಿನ್ಸಿಪಾಲರ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ. ಸ್ಟಾಫ್ ರೂಮಿನ ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ, ಅವರಿಗೆ ಹೆದರಿಕೆ. ನಮಗೆ ಬಿ.ಎಡ್.ನಲ್ಲಿ ಇದನ್ನು ಯಾರೂ ಕಲಿಸಿಲ್ಲ. ಇನ್ಸುಲಿನ್ ಅಂದ ಕೂಡಲೇ ಕಣ್ಣೆದುರು ಬರುವುದು ಪತ್ರಿಕೆಯ ಸುದ್ದಿ, ಪೊಲೀಸು. ಹೊಣೆಯಲ್ಲ ಅಂತ ಬರೆದುಕೊಡಿ ಎನ್ನುವುದು ಆ ಹೆದರಿಕೆಯ ಭಾಷೆ. ಬರೆದುಕೊಡಬೇಡಿ. ಅದರ ಬದಲು ಇನ್ನೊಂದು ಕಾಗದ ಕೊಡಿ.

ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಇರಬೇಕಾದ್ದು: ಮಗುವಿಗೆ ಶಾಲೆಗೆ ಬರಲು ಯಾವ ಅಡ್ಡಿಯೂ ಇಲ್ಲ, ಆಟವೂ ಆಡಬಹುದು. ಕ್ಲಾಸಿನಲ್ಲಿ ಯಾವಾಗ ಬೇಕಾದರೂ ತಿನ್ನಲು, ನೀರು ಕುಡಿಯಲು, ಟಾಯ್ಲೆಟ್ಟಿಗೆ ಹೋಗಲು, ಬೆರಳು ಚುಚ್ಚಿ ನೋಡಲು ಬಿಡಬೇಕು. ಸಕ್ಕರೆ ಇಳಿದಾಗ ಅವಳನ್ನು ಒಂಟಿಯಾಗಿ ಆಫೀಸಿಗೆ ಕಳಿಸಬಾರದು. ಈ ಕೊನೆಯದನ್ನು ದಪ್ಪಕ್ಷರದಲ್ಲಿ ಬರೆಸಿ. "ತಲೆ ತಿರುಗುತ್ತಾ? ಹೋಗು, ಆಫೀಸಲ್ಲಿ ಕೂತ್ಕೋ" ಎಂದು ಮೆಟ್ಟಿಲ ಕಡೆ ಕಳಿಸುವುದು ನಮ್ಮ ಶಾಲೆಗಳ ಹಳೆಯ ಅಭ್ಯಾಸ.

ನಂತರ ಅರ್ಧ ಗಂಟೆ ಟೀಚರುಗಳಿಗೆ ಮೀಟರ್ ತೋರಿಸಿಕೊಡಲು ಅವಕಾಶ ಕೇಳಿ. ಕೈಯಲ್ಲಿ ಹಿಡಿದು ನೋಡಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಸಿಬಿಎಸ್‌ಇ 2017ರಿಂದಲೇ ಬೋರ್ಡ್ ಪರೀಕ್ಷೆಗೆ ಟೈಪ್ 1 ಮಕ್ಕಳು ಗ್ಲೂಕೋಸ್ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಲು ಬಿಟ್ಟಿದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ 2023ರಲ್ಲಿ ಶಾಲೆಗಳಲ್ಲಿ ಈ ಮಕ್ಕಳ ಆರೈಕೆಯ ಬಗ್ಗೆ ರಾಜ್ಯಗಳಿಗೆ ಬರೆದಿದೆ. ನಿಮ್ಮದು ಯಾವ ಬೋರ್ಡೇ ಆಗಲಿ, ಪರೀಕ್ಷಾ ಹಾಲಿನಲ್ಲೇ ಬಿಡುವಾಗ ಎರಡನೇ ಕ್ಲಾಸಿನಲ್ಲಿ ಯಾಕೆ ಬಿಡಬಾರದು ಎಂದು ವಿನಯದಿಂದ ಕೇಳಿ. ವಿನಯ ಮುಖ್ಯ, ಮಗು ನಾಳೆ ಅದೇ ಟೀಚರ ಕೈಯಲ್ಲಿ ಇರಬೇಕಲ್ಲ.

ಮುಲುಂಡ್ ಹೋಟೆಲಿನವ

ನಂದು ಸಣ್ಣ ಹೋಟೆಲು, ತಮ್ಮನ ಮಗನಿಗೆ ಟೈಪ್ 1. ಊಟದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು.

ಜನ "ಸಕ್ಕರೆ ಬೇಡ" ಅಂತ ಮಾತ್ರ ತಿಳ್ಕೊಂಡಿದ್ದಾರೆ. ಲೆಕ್ಕ ಇರೋದು ಪಿಷ್ಟದ್ದು. ಒಂದು ಮಧ್ಯಮ ಗಾತ್ರದ ಇಡ್ಲಿ ಅಥವಾ ಒಂದು ತೆಳು ಚಪಾತಿಗೆ ಸುಮಾರು 15 ಗ್ರಾಂ ಅಂತ ನಮ್ಮ ಡಯಟಿಷಿಯನ್ ಲೆಕ್ಕ ಹಾಕಿಕೊಟ್ಟಿದ್ದಾರೆ. ತಿನ್ನುವುದಕ್ಕೆ ತಕ್ಕ ಹಾಗೆ ಸೂಜಿ. ಹಾಗಾಗಿ ಹುಡುಗ ಎಲ್ಲ ತಿನ್ನುತ್ತಾನೆ, ಲೆಕ್ಕ ಇಟ್ಟು ತಿನ್ನುತ್ತಾನೆ. ಮೋಸ ಮಾಡುವುದು "ಆರೋಗ್ಯಕ್ಕೆ ಒಳ್ಳೇದು" ಅನ್ನುವ ತಿಂಡಿಗಳು. ಬೆಲ್ಲ ಆದ್ರೆ ಪರವಾಗಿಲ್ಲ ಅಂತಾರೆ, ಬೆಲ್ಲವೂ ಸಕ್ಕರೆಯೇ. ರಾಗಿ ಆದ್ರೆ ಏನೂ ಆಗಲ್ಲ ಅಂತಾರೆ, ರಾಗಿಯಲ್ಲೂ ಪಿಷ್ಟವೇ ಜಾಸ್ತಿ. ಈ ಊರಲ್ಲಿ ಉಪವಾಸ ಅಂದ್ರೆ ಸಾಬುದಾಣಾ ಖಿಚಡಿ. ಸಾಬಕ್ಕಿಯಷ್ಟು ಶುದ್ಧ ಪಿಷ್ಟ ಇನ್ನೊಂದಿಲ್ಲ. ಏಕಾದಶಿ ದಿನ ಪಕ್ಕದ ಮನೆಯ ಕಾಕು ಪ್ರೀತಿಯಿಂದ ಒಂದು ಬಟ್ಟಲು ಕೊಟ್ಟು ಕಳಿಸಿದ್ದರು, ಸಂಜೆ ಮೀಟರಲ್ಲಿ 380. ಅವರಿಗೆ ವಿಷಯ ಹೇಳಿದ ಮೇಲೆ ಈಗ ಡಬ್ಬಿಯ ಮುಚ್ಚಳದ ಮೇಲೆ ಎಷ್ಟು ಚಮಚ ಸಾಬುದಾಣಾ ಅಂತ ಬರೆದೇ ಕಳಿಸುತ್ತಾರೆ! ಗಣಪತಿಗೆ ಮೋದಕವೂ ಹಾಗೇ, ಒಂದು ಮೋದಕ, ಅದಕ್ಕೆ ತಕ್ಕ ಸೂಜಿ.

ಹೇಳಿದ್ದರಿಂದ ನಮಗೆ ಆದ ಲಾಭ ಇದು. ಕೊಡುವ ಕೈಗಳೂ ಲೆಕ್ಕ ಕಲಿತವು.

ಡೊಂಬಿವಲಿ ಅಮ್ಮ

ಎಲ್ಲರಿಗೂ ದೊಡ್ಡ ನಮಸ್ಕಾರ. ನಡುವೆ ಬರೆಯಲು ಆಗಲಿಲ್ಲ, ಮಾರ್ಚ್ ಎಂಡಿನ ಕೆಲಸ ಬ್ಯಾಂಕಿನವರಿಗೆ ಗೊತ್ತು.

ಶಾಲೆಗೆ ಹೋದೆವು, ಗಂಡನೂ ಬಂದರು. ಮೇಷ್ಟ್ರು ಹೇಳಿದ ಹಾಗೆಯೇ ಡಾಕ್ಟರ ಕಾಗದ ಹಿಡಿದುಕೊಂಡು. ಪ್ರಿನ್ಸಿಪಾಲರು ಮೊದಲು ಮುಖ ಬಿಗಿದುಕೊಂಡೇ ಕೂತಿದ್ದರು. ನನ್ನ ಬೆರಳು ಚುಚ್ಚಿ ತೋರಿಸಿದೆ, ಆಮೇಲೆ ಅವರದೇ ಬೆರಳು ಚುಚ್ಚಿಸಿಕೊಂಡರು. 212 ಬಂತು. ಅವರಿಗೇ ಗೊತ್ತಿರಲಿಲ್ಲವಂತೆ. ಆಮೇಲೆ ಮಾತಿನ ಧಾಟಿಯೇ ಬದಲಾಯಿತು, ಅದನ್ನು ನಾನು ಹೆಚ್ಚು ಬರೆಯುವುದಿಲ್ಲ. ಈಗಿನ ಏರ್ಪಾಡು ಹೀಗೆ. ಬೆರಳು ಚುಚ್ಚುವುದು ಅವಳೇ, ಟೀಚರ್ ನೋಡಿ ಬರೆದುಕೊಳ್ಳುತ್ತಾರೆ, ನನಗೆ ಮೆಸೇಜ್ ಬರುತ್ತದೆ. ಮಧ್ಯಾಹ್ನದ ಸೂಜಿಗೆ ನಮ್ಮ ಕೆಳಗಿನ ಮನೆಯ ರಿಟೈರ್ಡ್ ಕಾಕು ಹೋಗುತ್ತಾರೆ, ಶಾಲೆ ಅವರಿಗೆ ಎರಡು ಗಲ್ಲಿ ಆಚೆ. ಅವರೇ ಮುಂದೆ ಬಂದದ್ದು, ಡೆಂಗ್ಯೂ ಅಲ್ಲ ಅಂತ ಹೇಳಿದ ದಿನವೇ. ಪೆನ್ನಿನಲ್ಲಿ ಸಂಖ್ಯೆ ತಿರುಗಿಸಿ ಫೋಟೊ ಕಳಿಸುತ್ತಾರೆ, ನಾನು ಸರಿ ಎಂದ ಮೇಲೆ ಮಗಳು ಚುಚ್ಚಿಕೊಳ್ಳುತ್ತಾಳೆ.

ಅತ್ತೆಯನ್ನು ಈ ಸಲ ಓಪಿಡಿಗೆ ಕರೆದುಕೊಂಡು ಹೋದೆ. ಹನಿಮೂನ್ ವಿಷಯ ಡಾಕ್ಟರೇ ಹೇಳಿದರು. ಅತ್ತೆ ಎಲ್ಲ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದು, "ನಮ್ಮ ಯಜಮಾನ್ರಿಗೆ ಸಕ್ಕರೆ ಕಾಯಿಲೆ ಇತ್ತು, ಅವರಿಂದ ಮಗುವಿಗೆ ಬಂತಾ?" ಅಂತ. ಇಷ್ಟು ದಿನ ಅವರು ಮುಚ್ಚಿಡು ಅಂತಿದ್ದದ್ದು ಮದುವೆಗೆ ಹೆದರಿ ಮಾತ್ರ ಅಲ್ಲ ಅಂತ ನನಗೆ ಆಗ ಗೊತ್ತಾಯಿತು. ಸೊಸೆ, ಬೀಗರು ಎಲ್ಲರೂ ತಮ್ಮ ಮನೆತನದ ಕಡೆ ಬೆರಳು ತೋರಿಸ್ತಾರೆ ಅಂತ ಒಳಗೇ ಬೇಯುತ್ತಿದ್ದರು. ಡಾಕ್ಟರ್ ಅಂದರು, "ಅಜ್ಜಿ, ನಿಮ್ಮ ಯಜಮಾನ್ರಿಗೆ ಇದ್ದದ್ದು ಟೈಪ್ 2, ಅದೇ ಬೇರೆ, ಇದೇ ಬೇರೆ. ಇದು ಯಾರು ಮಾಡಿದ್ದರಿಂದಲೂ, ಏನು ತಿನ್ನಿಸಿದ್ದರಿಂದಲೂ ಬಂದದ್ದಲ್ಲ." ಕಷಾಯ ಈಗಲೂ ನಡೆಯುತ್ತಿದೆ. ಆದರೆ ಸೂಜಿಯ ಹೊತ್ತು ಮೀರಿದರೆ ನನಗಿಂತ ಮೊದಲು ಕೂಗುವವರು ಅವರೇ.

ಊರಿನವರಿಗೆ ಏನು ಹೇಳುವುದು ಅಂತ ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ. ಪಿಂಪ್ರಿ ಅಣ್ಣ ಹೇಳಿದ್ದು ತಲೆಯಲ್ಲಿದೆ, ಥಾಣೆ ತಂಗಿ ಬರೆದದ್ದೂ ತಲೆಯಲ್ಲಿದೆ. ಟಾಯ್ಲೆಟ್ಟಿನಲ್ಲಿ ಮಾತ್ರ ಚುಚ್ಚಿಸುವುದಿಲ್ಲ, ಎಲೆ ಮುಂದೆಯೇ. ಕೇಳಿದವರಿಗೆ ಅತ್ತೆಯೇ ಉತ್ತರ ಕೊಡಲಿ ಅಂತ ಬಿಟ್ಟಿದ್ದೇನೆ.

ಈಗ ಹೊಸ ಚಿಂತೆ. ಥಾಣೆಯಲ್ಲಿ ಮತ್ಸ್ಯಗಂಧ ಹತ್ತುತ್ತೇವೆ, ಸ್ಲೀಪರ್ ಕ್ಲಾಸು, ಏಪ್ರಿಲಿನ ಸೆಕೆ. ಊರ ಮನೆಯಲ್ಲಿ ಆಗಾಗ ಕರೆಂಟ್ ಹೋಗುತ್ತದೆ. ಇನ್ಸುಲಿನ್ ಹೇಗೆ ಒಯ್ಯುವುದು?

ಥಾಣೆ ಟೈಪ್ ವನ್

ಅಕ್ಕ, ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಬೇಕಾದ್ದಕ್ಕಿಂತ ಎರಡು ಪಟ್ಟು ಒಯ್ಯಿರಿ, ಎರಡು ಬೇರೆ ಬ್ಯಾಗಿನಲ್ಲಿ ಹಂಚಿಡಿ. ಒಂದು ನಿಮ್ಮ ಹೆಗಲಲ್ಲೇ ಇರಲಿ, ಸೀಟಿನ ಕೆಳಗೆ ಬೇಡ. ಈಗ ಬಳಸುತ್ತಿರುವ ಪೆನ್ ಹೊರಗಿನ ಬಿಸಿ 30 ಡಿಗ್ರಿ ದಾಟದಿದ್ದರೆ ಸುಮಾರು ನಾಲ್ಕು ವಾರ ಕೆಡಲ್ಲ, ಪ್ಯಾಕಿನಲ್ಲಿ ಬರೆದದ್ದು ಒಮ್ಮೆ ನೋಡಿ. ಏಪ್ರಿಲಲ್ಲಿ ಕರಾವಳಿ ದಾಟುತ್ತೆ, ಹಾಗಾಗಿ ತಂಪು ಚೀಲ ಬೇಕು. ಐಸ್ ಪ್ಯಾಕಿಗೆ ನೇರ ತಾಗಿಸಬೇಡಿ, ಬಟ್ಟೆ ಸುತ್ತಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಿಸಾಡಲೇಬೇಕು. ಊರಲ್ಲಿ ಫ್ರಿಜ್ಜಿನ ಬಾಗಿಲಿನಲ್ಲಿಡಿ, ಫ್ರೀಜರಿನ ಹತ್ತಿರ ಬೇಡ. ಕರೆಂಟ್ ಹೋದರೆ ಮಣ್ಣಿನ ಗಡಿಗೆ. ಒದ್ದೆ ಮಾಡಿ ನೆರಳಲ್ಲಿ ಇಟ್ಟ ಗಡಿಗೆಯೊಳಗೆ ಒಣ ಡಬ್ಬಿಯಲ್ಲಿ ಇಟ್ಟರೆ ಒಳಗೆ ಕೆಲವು ಡಿಗ್ರಿ ಕಡಿಮೆ ಇರುತ್ತೆ. ನಮ್ಮ ಅಮ್ಮ ವರ್ಷಗಟ್ಟಲೆ ಹಾಗೇ ಇಟ್ಟಿದ್ದು.

ಕೋಲದ ರಾತ್ರಿ ಮಕ್ಕಳು ಮಲಗಲ್ಲ, ಅಂಗಳ ತುಂಬ ಓಡ್ತಾರೆ. ಭಾಯಂದರ್ ಅಂಕಲ್ ಬರೆದದ್ದು ನೆನಪಿರಲಿ, ಬೆಳಗಿನ ಜಾವ ಒಮ್ಮೆ ನೋಡಿ.

ಪರೇಲ್ ಸಿಸ್ಟರ್

ಊರಲ್ಲಿ ಇನ್ಸುಲಿನ್ ಕೊಳ್ಳಬೇಕಾಗಿ ಬಂದರೆ ಜಾಗ್ರತೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಎರಡು ಬಗೆ ಸಿಗುತ್ತದೆ, ಒಂದು ಎಂಎಲ್‌ಗೆ 40 ಯೂನಿಟ್‌ನದ್ದು, ಇನ್ನೊಂದು 100ರದ್ದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಪೆನ್ನಿನ ಕಾರ್ಟ್ರಿಜ್‌ನಲ್ಲಿರುವುದು 100. ಪೆನ್ ಕೆಟ್ಟುಹೋಯಿತು ಅಂತ ಅದರೊಳಗಿನದ್ದನ್ನು ಕೆಂಪು ಸಿರಿಂಜಿನಲ್ಲಿ ಎಳೆದು 10ರ ಗೆರೆವರೆಗೆ ಕೊಟ್ಟರೆ ಮಗುವಿಗೆ ಹೋಗುವುದು 25 ಯೂನಿಟ್. ಗಂಡನಿಗೂ ಹೇಳಿಡಿ.

ಮುಲುಂಡ್ ಹೋಟೆಲಿನವ

ಇನ್ನೊಂದು. ಏಪ್ರಿಲಲ್ಲಿ ಊರಲ್ಲಿ ಮಾವು, ಹಲಸು. ಹಣ್ಣು ತಿಂದ ಕೈಯಲ್ಲೇ ಬೆರಳು ಚುಚ್ಚಿದರೆ ಚರ್ಮದ ಮೇಲಿನ ರಸವೂ ಸೇರಿ ಮೀಟರ್ ಸುಳ್ಳು ಹೇಳುತ್ತೆ. ನಮ್ಮ ಹುಡುಗನಿಗೆ ಹಾಗೇ 400 ಬಂದು ಮನೆಯವರೆಲ್ಲ ಎದ್ದು ನಿಂತಿದ್ದರು. ಕೈ ತೊಳೆಸಿ ಮತ್ತೆ ನೋಡಿದರೆ 140. ಸೋಪು ಹಾಕಿ ತೊಳೆದು ಒರೆಸಿ ಆಮೇಲೆ ಚುಚ್ಚಿ, ಅದರ ಮೇಲೆ ಇನ್ಸುಲಿನ್ ಲೆಕ್ಕ.

ಡೊಂಬಿವಲಿ ಅಮ್ಮ

ಹಲಸಿನ ವಿಷಯ ಒಳ್ಳೆ ಹೊತ್ತಿಗೆ ಹೇಳಿದ್ರಿ ಅಣ್ಣ, ಅವಳಿಗೆ ಅದು ಪ್ರಾಣ. ಎಷ್ಟು ಸೊಳೆಗೆ ಎಷ್ಟು ಲೆಕ್ಕ ಅಂತ ನಿಮ್ಮ ಡಯಟಿಷಿಯನ್ ಹತ್ತಿರ ಕೇಳಿ ಹೇಳ್ತೀರಾ?